ಆಫ್ರಿಕಾದಿಂದ ಬಂದ ‘ಅತ್ತೆ’

ಎವಾರಿಸ್ತೋ ಕಸ್ಸಿಯಾನಿಯ ಸರ್ವನಾಶಕ್ಕೆ ಕಾರಣವಾದದ್ದು ಪಕ್ಕದ ಮನೆಯ ನೆಯ್ಲಾಳ ಹೆಬ್ಬೆರಳು. ಆ ಭಾನುವಾರ ಬೆಳಿಗ್ಗೆ ಅದು ಫೋನಿನ ಗಾಜಿನ ಮೇಲೆ ಒಮ್ಮೆ ಮೆಲ್ಲನೆ ಕುಳಿತು ಎದ್ದಿತು, ಅಷ್ಟೆ. ನೊಣ ಕುಳಿತರೂ ಅದಕ್ಕಿಂತ ಹೆಚ್ಚು ಸದ್ದಾಗುತ್ತದೆ.

ಕೊಲಂಬಿಯಾದ ಕಾರ್ತಹೇನಾ ನಗರದ ಹಿನ್ನೀರಿನ ಅಂಚಿಗೆ ಅಂಟಿಕೊಂಡಿರುವ ಲಾ ಗಾರ್ಸಾ ಕೇರಿಯಲ್ಲಿ ಗಂಡಸಿನ ಘನತೆಯನ್ನು ಅಳೆಯುವುದು ಅವನ ಪಿಕೋದಿಂದ. ಬೀರುವಿನೆತ್ತರದ ಸ್ಪೀಕರುಗಳನ್ನು ಒಂದರ ಮೇಲೊಂದು ಪೇರಿಸಿ, ಮುಂದೆ ಕಣ್ಣು ಕುಕ್ಕುವ ಬಣ್ಣದಲ್ಲಿ ಚಿತ್ರ ಬರೆಸಿ, ಸುತ್ತಲಿನ ಮನೆಗಳ ಪಾತ್ರೆಪಡಗಗಳನ್ನೆಲ್ಲ ಕುಣಿಸುವ ಯಂತ್ರವೇ ಪಿಕೋ. ಎವಾರಿಸ್ತೋನ ಪಿಕೋದ ಹೆಸರು ‘ವಿಧುರ ಮೊಸಳೆ’. ಅದು ಅವನ ತಂದೆ ಸೆನಾನ್ ಬಿಟ್ಟುಹೋದ ಏಕೈಕ ಆಸ್ತಿ. ಸ್ಪೀಕರುಗಳಿಗೆ ದಮ್ಮು, ತಂತಿಗಳಿಗೆ ಇಲಿಯ ಕಾಟ, ಚಿತ್ರದ ಮೊಸಳೆಗೆ ಅರ್ಧ ಬಾಲವೇ ಇಲ್ಲ. ಆದರೂ ಆ ಮೊಸಳೆಯ ಹೊಟ್ಟೆಯಲ್ಲಿ ಒಂದು ರತ್ನವಿತ್ತು: ‘ಅತ್ತೆ’.

‘ಅತ್ತೆ’ ಒಂದು ಗ್ರಾಮಾಫೋನ್ ರೆಕಾರ್ಡು. ಸೆನಾನ್ ಅದನ್ನು ಆಫ್ರಿಕಾದ ಹಡಗಿನವನೊಬ್ಬನಿಂದ ಕೊಂಡು ತಂದನೆಂದು ಕೇರಿಯ ಇತಿಹಾಸ ಹೇಳುತ್ತದೆ. ಆ ಕಾಲದಲ್ಲಿ ಹಾಗೆ ಬಂದ ರೆಕಾರ್ಡನ್ನು ಕೇಳುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಅಡುಗೆಮನೆಯ ಚಾಕು ತಂದು ಲೇಬಲನ್ನು ಕೆರೆದು ಹಾಕುವುದು. ಹಾಡಿನ ಹೆಸರು ಎದುರಾಳಿ ಪಿಕೋದವನ ಕಣ್ಣಿಗೆ ಬಿದ್ದರೆ ಅವನೂ ತರಿಸಿಕೊಂಡಾನಲ್ಲ! ಸೆನಾನ್ ಈ ಗುಟ್ಟನ್ನು ಎಷ್ಟು ಬಿಗಿಯಾಗಿ ಕಾಪಾಡಿದನೆಂದರೆ ಹಾಡಿದವರು ಯಾರು, ಯಾವ ದೇಶದವರು, ಯಾವ ಭಾಷೆಯದು ಎಂಬುದು ಅವನ ಮಗನಿಗೂ ತಿಳಿಯಲಿಲ್ಲ. ಗುಟ್ಟು ಕಾಪಾಡುವ ಕಲೆಯಲ್ಲಿ ಇದಕ್ಕಿಂತ ಮೇಲಿನ ಮೆಟ್ಟಿಲು ಇರಲಾರದು. ಹೆಸರಿಲ್ಲದ ಆ ಹಾಡಿಗೆ ಕೇರಿಯವರೇ ‘ಅತ್ತೆ’ ಎಂದು ಹೆಸರಿಟ್ಟರು. ಅದು ಬಂತೆಂದರೆ ಕುಳಿತವರೆಲ್ಲ ಎದ್ದು ನಿಲ್ಲಲೇಬೇಕಿತ್ತು.

ಆ ಭಾನುವಾರ ಸಂಜೆ ಫುಟ್‌ಬಾಲ್ ಮೈದಾನದಲ್ಲಿ ಪಿಕೋಗಳ ಕಾಳಗ. ಯಾರ ಹಾಡಿಗೆ ಹೆಚ್ಚು ಜನ ಎದ್ದು ಕುಣಿಯುತ್ತಾರೋ ಅವನು ಗೆದ್ದಂತೆ. ಗೆದ್ದವನಿಗೆ ವರ್ಷವಿಡೀ ಭಾನುವಾರಗಳ ಮೈದಾನ. ಸೋತವನಿಗೆ ಪಕ್ಕದ ಬೀದಿಯ ನಾಮಕರಣಗಳಲ್ಲಿ ಹಾಡು ಹಾಕುವ ಕೆಲಸ. ಎದುರಾಳಿ ಅರಿಸ್ತಿದೆಸ್ ಸಿಮಾರಾನ ಪಿಕೋ ‘ನಿದ್ದೆಗೆಟ್ಟ ಜನರಲ್’ ಹೊಸದು, ದೊಡ್ಡದು, ನಾಚಿಕೆಯಿಲ್ಲದ್ದು. ಸಾಲದ್ದಕ್ಕೆ ಎವಾರಿಸ್ತೋನ ತಾಯಿ ಡೋನ್ಯಾ ಬಾಸಿಲಿಸಾ ಆ ಬೆಳಿಗ್ಗೆ ಕಾಫಿಯ ಜೊತೆಗೇ ತೀರ್ಪನ್ನೂ ಬಡಿಸಿದ್ದಳು.

“ಈ ಸಲ ಸೋತ್ಯೋ, ಆ ಮೊಸಳೇನ ಬಿಚ್ಚಿ ನನ್ನ ಕೋಳಿಗಳಿಗೆ ಗೂಡು ಮಾಡಿಸ್ತೀನಿ. ಒಳ್ಳೆ ಮರದ ಪೆಟ್ಟಿಗೆಗಳು. ಸುಮ್ನೆ ಕೂಗ್ಕೊಂಡು ಹಾಳಾಗ್ತಿವೆ.”

“ಅಮ್ಮಾ, ‘ಅತ್ತೆ’ ಇರೋವರೆಗೂ ನಾವು ಸೋಲಲ್ಲ.”

ಡೋನ್ಯಾ ಬಾಸಿಲಿಸಾ ಏನನ್ನೋ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಕಾಫಿ ಸುರಿದುಕೊಂಡಳು.

ಎವಾರಿಸ್ತೋ ಅಂಗಳದಲ್ಲಿ ಮೊಸಳೆಯನ್ನು ಜೋಡಿಸಿ, ಮುಳ್ಳು ಸರಿಯಿದೆಯೇ ಎಂದು ನೋಡಲು ‘ಅತ್ತೆ’ಯನ್ನು ಅರೆ ನಿಮಿಷ ಹಾಕಿದ. ತಮಟೆಗಳ ನಡುವೆ ಹೆಣ್ಣು ದನಿಯೊಂದು ನುಗ್ಗಿ ಬಂತು: “ತೂತೂರೀ ವಾಯೆ, ಪೀಯಾ-ಪೀಯಾ ವಾಯೆ!” ಎಂದಿನಂತೆ ಹಿತ್ತಿಲ ಕೋಳಿಗಳು ಹುಚ್ಚೆದ್ದು ಅಂಗಳಕ್ಕೆ ಓಡಿಬಂದವು. “ಥೂ, ಸ್ಪೀಕರಿನ ನಡುಕ ಇವುಗಳ ಕಾಲಿಗೆ ತಾಗುತ್ತೆ” ಎಂದು ಅವುಗಳನ್ನು ಅಟ್ಟಿದ.

ಅದೇ ಅರೆ ನಿಮಿಷದಲ್ಲಿ, ಗೋಡೆಯಾಚೆ ತನ್ನ ಪಾರ್ಲರಿನಲ್ಲಿ, ನೆಯ್ಲಾ ಗಿರಾಕಿಯೊಬ್ಬಳ ತಲೆಗೆ ಚೀನಾದ ನೈಲಾನ್ ಕೂದಲು ಸೇರಿಸಿ ಸಣ್ಣ ಸಣ್ಣ ಜಡೆ ಹೆಣೆಯುತ್ತ, ಆ ಹೆಣಿಗೆಯ ವಿಡಿಯೋ ತೆಗೆಯುತ್ತಿದ್ದಳು. ‘ಅತ್ತೆ’ ಗೋಡೆ ಹಾರಿ ವಿಡಿಯೋದೊಳಗೆ ಬಿದ್ದಳು. ನೆಯ್ಲಾ ಅದರಡಿ “ನಮ್ಮ ಬೇರು, ನಮ್ಮ ಆಫ್ರಿಕಾ! ಈ ಹಾಡು ಯಾವುದು, ಯಾರಿಗಾದರೂ ಗೊತ್ತಾ?” ಎಂದು ಬರೆದು, ಮೇಲೆ ಹೇಳಿದ ಹೆಬ್ಬೆರಳನ್ನು ಒತ್ತಿದಳು.

ಎವಾರಿಸ್ತೋನ ಕಾಫಿ ಆರುವಷ್ಟರಲ್ಲಿ ಅರ್ಧ ಭೂಮಂಡಲ ಲಾ ಗಾರ್ಸಾದ ಬಾಗಿಲಿಗೆ ಬಂದು ನಿಂತಿತ್ತು.

“ನೆಯ್ಲಾ! ಅದನ್ನ ತೆಗಿ! ಈಗ್ಲೇ ತೆಗಿ!” ಎವಾರಿಸ್ತೋ ಪಾರ್ಲರಿಗೆ ನುಗ್ಗಿದ ರಭಸಕ್ಕೆ ಗಿರಾಕಿಯ ಅರ್ಧ ಜಡೆ ಬಿಚ್ಚಿಹೋಯಿತು.

“ಯಾಕಣ್ಣ? ಇಷ್ಟು ದಿನ ನನ್ನ ವಿಡಿಯೋ ನೋಡ್ತಿದ್ದಿದ್ದು ನಮ್ಮಮ್ಮ ಒಬ್ಳೇ. ಅವಳೂ ಬೈಯೋಕೆ ನೋಡ್ತಿದ್ಲು. ಈಗ ನೋಡು, ಸೆನೆಗಾಲ್‌ನವಳು ನನ್ನ ಜಡೆಗೆ ಹೃದಯ ಕಳ್ಸಿದಾಳೆ!”

“ಯಾರಾದ್ರೂ ಹಾಡಿನ ಹೆಸರು ಹೇಳ್ಬಿಟ್ರೆ ಅರಿಸ್ತಿದೆಸ್ ಅದನ್ನ ಫೋನಿಗೆ ಇಳಿಸ್ಕೊಂಡು ಸಂಜೆ ನನ್ನ ಎದುರಿಗೇ ಹಾಕ್ತಾನಮ್ಮ! ನನ್ನ ಹತ್ರ ಇರೋದು ಅದೊಂದೇ!”

“ಹಾಗಾದ್ರೆ ನಿಂಗೆ ಹೆಸರು ಗೊತ್ತಿಲ್ವಾ?”

“ನಂಗೂ ಗೊತ್ತಿಲ್ದೇ ಇರೋದೇ ಅದರ ಬೆಲೆ!”

ನೆಯ್ಲಾ ಅವನನ್ನು ಮರುಕದಿಂದ ನೋಡಿದಳೇ ಹೊರತು ವಿಡಿಯೋ ತೆಗೆಯಲಿಲ್ಲ. ಸಂಸ್ಕೃತಿಗಿಂತ ಒಬ್ಬ ನೆರೆಯವನು ದೊಡ್ಡವನಲ್ಲವಷ್ಟೆ.

ಬೀದಿಯ ಬಾದಾಮಿ ಮರದ ಕೆಳಗೆ ನಿವೃತ್ತ ಶಿಕ್ಷಕ ಡಾನ್ ಕುಸ್ತೋದಿಯೋ ಆಗಲೇ ಕುರ್ಚಿ ಹಾಕಿಕೊಂಡು, ಬಂದ ಕಾಮೆಂಟುಗಳನ್ನು ಪ್ರಾರ್ಥನೆಯ ಧಾಟಿಯಲ್ಲಿ ಓದುತ್ತಿದ್ದರು. ಕೇರಿಯಲ್ಲಿ ನಡೆಯುವ ಎಲ್ಲ ಸ್ಪರ್ಧೆಗಳಿಗೂ ಅವರೇ ತೀರ್ಪುಗಾರರು. ಅವರನ್ನು ಆ ಸ್ಥಾನಕ್ಕೆ ನೇಮಿಸಿದವರೂ ಅವರೇ.

“ಕೇಳ್ರಪ್ಪ. ಲುವಾಂಡಾದವನು ಬರೀತಾನೆ, ಇದು ನಮ್ಮಜ್ಜಿ ಹಾಡ್ತಿದ್ದ ಜೋಗುಳ ಅಂತ. ಲಿಸ್ಬನ್‌ನವನು, ಸುಳ್ಳು, ಇದು ನಮ್ಮಜ್ಜಿದು ಅಂತಾನೆ. ಇಬ್ರೂ ಅಜ್ಜಿಯರ ಮೇಲೆ ಆಣೆ ಇಟ್ಟಿದಾರೆ. ಪ್ಯಾರಿಸ್‌ನಲ್ಲಿ ಸಂಶೋಧನೆ ಮಾಡೋ ಹುಡುಗಿ ಅಂತಾಳೆ: ‘ಇದು ಕಾಂಗೋ ನದಿಯ ಎಡದಂಡೆಯಲ್ಲಿ ಅಳಿದುಹೋದ ಉಪಭಾಷೆ. ಗುಲಾಮರ ಹಡಗಿನ ನೆನಪು ಈ ದನಿಯಲ್ಲಿ ನರಳುತ್ತಿದೆ.’ ಆಹಾ! ಓದು ಅಂದ್ರೆ ಇದು!”

“ಕಾಂಗೋದಲ್ಲೇ ಇರೋ ಕಿನ್ಶಾಸಾದವರು ಏನಂದ್ರು ಮೇಷ್ಟ್ರೇ?” ಯಾರೋ ಕೇಳಿದರು.

“ಅಲ್ಲಿ ಮೂವರು ಪಡ್ಡೆಗಳು ಬರ್ದಿದಾರೆ. ‘ಇದು ನಮ್ಮದಲ್ಲ. ಆದರೆ ಚೆನ್ನಾಗಿದೆ. ಇವತ್ತೇ ನಮ್ಮದು ಮಾಡಿಕೊಳ್ತೀವಿ.’ ಬಿಡು, ಅವರಿಗೇನು ಗೊತ್ತು.”

ತಮ್ಮದಲ್ಲ ಎಂದು ಒಪ್ಪಿಕೊಳ್ಳುವವರ ಮಾತಿಗೆ ಅಂತಹ ಜಾಗದಲ್ಲಿ ಬೆಲೆಯಿಲ್ಲ. ಡಾನ್ ಕುಸ್ತೋದಿಯೋ ಮುಂದಿನ ಕಾಮೆಂಟಿಗೆ ಹೋದರು.

ಅಷ್ಟರಲ್ಲಿ ಅರಿಸ್ತಿದೆಸ್ ಸಿಮಾರಾ ಬಿಳಿ ಶರಟು ತೊಟ್ಟು, ಫೋನನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದು ಬಂದ. ಅವನ ಮಗಳ ದೀಕ್ಷಾಸ್ನಾನದಲ್ಲಿ ಎವಾರಿಸ್ತೋ ಧರ್ಮಪಿತನಾಗಿ ನಿಂತಿದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಂಪಾದ್ರೆ’ ಎಂದೇ ಕರೆಯಬೇಕು. ಬೈಯುವಾಗಲೂ.

“ಕೊಂಪಾದ್ರೆ, ಈ ಫೋನು ಯಾವ ಹಾಡನ್ನಾದ್ರೂ ಕೇಳಿ ಹೆಸರು ಹೇಳುತ್ತಂತೆ. ನೆಯ್ಲಾ ವಿಡಿಯೋ ಕೇಳಿಸ್ದೆ. ಮೊದಲನೇ ಸಲ ಬಲ್ಗೇರಿಯಾದ ಮದುವೆ ಬ್ಯಾಂಡು ಅಂತು. ಎರಡನೇ ಸಲ ಯಾವುದೋ ಹೊಲಿಗೆ ಮಿಷಿನ್ನಿನ ಜಾಹೀರಾತು ಅಂತು. ಸಂಜೆವರೆಗೂ ಟೈಮಿದೆ, ಬಿಡಿ. ಸತ್ಯ ಎಲ್ಲಿಗೆ ಹೋಗುತ್ತೆ?”

ಸತ್ಯ ಬರುವ ಮೊದಲೇ ಅದರ ಕುರ್ಚಿಯ ಮೇಲೆ ಒಂದು ಸುಳ್ಳನ್ನು ಕೂರಿಸಬೇಕೆಂದು ಎವಾರಿಸ್ತೋಗೆ ಹೊಳೆದದ್ದು ಆಗ. ಜೀವಮಾನದಲ್ಲಿ ಅವನಿಗೆ ಬಂದ ಬುದ್ಧಿವಂತಿಕೆಯ ವಿಚಾರ ಅದೊಂದೇ. ಅದೂ ಬರದಿದ್ದರೆ ಚೆನ್ನಾಗಿತ್ತು.

ಅವನು ಅಡುಗೆಮನೆಯ ಮೂಲೆಯಲ್ಲಿ ಕುಳಿತು, ಎದುರಿಗಿದ್ದ ಎಣ್ಣೆ ಡಬ್ಬಿಯ ಅಕ್ಷರಗಳನ್ನು ಕಲಸಿ ಒಂದು ಹೆಸರು ಕಟ್ಟಿದ. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಕುಕ್ಕುವಂತೆ, ಸುಳ್ಳು ಹೆಸರಿನಲ್ಲಿ ಕಾಮೆಂಟು ಕುಟ್ಟಿದ: “ಇದು ಮದಾಂ ಒಂಬಾಲೆ ಹಾಡಿದ್ದು. ಆಕೆ ತೀರಿಕೊಂಡು ಬಹಳ ಕಾಲವಾಯಿತು. ರೆಕಾರ್ಡು ಎಲ್ಲೂ ಸಿಗುವುದಿಲ್ಲ.” ಅರಿಸ್ತಿದೆಸ್ ಇನ್ನು ಸಂಜೆಯವರೆಗೂ ಇಲ್ಲದವಳನ್ನು ಹುಡುಕುತ್ತಿರಲಿ ಎಂದುಕೊಂಡು ಹಾಯಾಗಿ ಅನ್ನ, ಹುರಿದ ಮೀನು ತಿಂದು ಸ್ವಲ್ಪ ನಿದ್ದೆ ಮಾಡಿದ.

ಎದ್ದಾಗ ಮದಾಂ ಒಂಬಾಲೆ ಜಗತ್ಪ್ರಸಿದ್ಧಳಾಗಿದ್ದಳು.

ಆಕೆಗೊಂದು ಜೀವನಚರಿತ್ರೆಯ ಪುಟ ಹುಟ್ಟಿಕೊಂಡಿತ್ತು, ಅಡಿಟಿಪ್ಪಣಿಗಳ ಸಮೇತ. ಹುಟ್ಟಿದ ಊರಿನ ಬಗ್ಗೆ ಎರಡು ಪಂಗಡಗಳಾಗಿ ಜಗಳವಾಗಿತ್ತು. ಒಂದು ಪಂಗಡದ ಪ್ರಕಾರ ಆಕೆ ಜೈಲಿನಲ್ಲಿ ಸತ್ತಿದ್ದಳು. ಇನ್ನೊಂದರ ಪ್ರಕಾರ ವಿಮಾನದಲ್ಲಿ. ತಲೆಗೆ ಬಟ್ಟೆ ಸುತ್ತಿಕೊಂಡ ಯಾರದೋ ಅಜ್ಜಿಯ ಫೋಟೋ ಆಕೆಯದಾಗಿತ್ತು. ಪ್ಯಾರಿಸ್‌ನ ಸಂಶೋಧಕಿ “ಒಂಬಾಲೆ: ಮೌನಗೊಳಿಸಲ್ಪಟ್ಟ ಕಂಠ” ಎಂಬ ಲೇಖನವನ್ನು ಬರೆದು ಮುಗಿಸಿದ್ದಳು. ಎಲ್ಲಕ್ಕಿಂತ ಘೋರವಾದದ್ದು ಬ್ರಸೆಲ್ಸ್‌ನಿಂದ ಬಂದಿತ್ತು. ಮದಾಂ ಒಂಬಾಲೆಗೆ ಒಬ್ಬ ಮಗ ಸಿಕ್ಕಿದ್ದ.

ಡಾನ್ ಕುಸ್ತೋದಿಯೋ ನಾಲ್ಕಾರು ಜನರೊಂದಿಗೆ ಅಂಗಳಕ್ಕೇ ಬಂದರು. ಮುಖ ಶವಸಂಸ್ಕಾರಕ್ಕೆ ಇಸ್ತ್ರಿ ಮಾಡಿಸಿಕೊಂಡಂತಿತ್ತು.

“ಎವಾರಿಸ್ತೋ, ಆ ಬಡಪಾಯಿ ಮಗ ಅಳ್ತಿದಾನೆ. ತನ್ನ ತಾಯಿ ದನೀನ ಕದ್ದು ಇಲ್ಲಿ ಕುಣೀತಿದಾರೆ ಅಂತ. ಪ್ರಪಂಚ ಪೂರ್ತಿ ಲಾ ಗಾರ್ಸಾಗೆ ಉಗೀತಿದೆ. ನೀನು ಕ್ಷಮೆ ಕೇಳ್ಬೇಕು. ಸಂಜೆ, ಮೈದಾನದಲ್ಲಿ, ವಿಡಿಯೋ ಕಾಲಲ್ಲಿ.”

“ಮೇಷ್ಟ್ರೇ, ಅವಳು ಇಲ್ಲವೇ ಇಲ್ಲ!”

“ಗೊತ್ತಪ್ಪ. ವಿಮಾನದಲ್ಲಿ ತೀರ್ಕೊಂಡ್ಲು.”

“ಅಯ್ಯೋ, ಹಾಗಲ್ಲ! ಅವಳು ಹುಟ್ಟೇ ಇಲ್ಲ! ಆ ಹೆಸರು ನಾನೇ ಹುಟ್ಸಿದ್ದು, ಎಣ್ಣೆ ಡಬ್ಬಿ ನೋಡ್ಕೊಂಡು!”

ಡಾನ್ ಕುಸ್ತೋದಿಯೋ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಸತ್ತವರ ಬಗ್ಗೆ ಹೀಗೆ ಮಾತಾಡ್ಬಾರ್ದು. ಅಡಿಟಿಪ್ಪಣಿ ಇದೆ ಎವಾರಿಸ್ತೋ. ನಿನ್ನ ಮಾತಿಗೆ ಅಡಿಟಿಪ್ಪಣಿ ಇದ್ಯಾ?”

ಇರಲಿಲ್ಲ.

“ಕ್ಷಮೆ ಕೇಳ್ಲಿಲ್ಲ ಅಂದ್ರೆ ಮೊಸಳೆ ಕಾಳಗಕ್ಕೆ ಇಳಿಯೋ ಹಾಗಿಲ್ಲ. ಇದು ತೀರ್ಪು.”

ಈ ಕೊನೆಯ ಮಾತಿಗಷ್ಟೇ ಹೊರಬಂದ ಡೋನ್ಯಾ ಬಾಸಿಲಿಸಾ ಸ್ಪೀಕರಿನ ಪೆಟ್ಟಿಗೆಯನ್ನು ಗೇಣು ಹಾಕಿ ಅಳೆದು, ಎಷ್ಟು ಕೋಳಿ ಹಿಡಿಸಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಗೋಲಿನ ಬಳಿ ಮೊಸಳೆ, ಇನ್ನೊಂದು ಗೋಲಿನ ಬಳಿ ಜನರಲ್. ಅಂಚಿನಲ್ಲಿ ಡೋನ್ಯಾ ಬಾಸಿಲಿಸಾ ಕುದಿಯುವ ಎಣ್ಣೆಗೆ ಮೊಟ್ಟೆ ತುಂಬಿದ ಜೋಳದ ಅರೇಪಾ ರೊಟ್ಟಿಗಳನ್ನು ಬಿಡುತ್ತಿದ್ದಳು. ನಡುವೆ, ಬಿಯರ್ ಕ್ರೇಟಿನ ಮೇಲೆ, ನೆಯ್ಲಾಳ ಫೋನು ದೇವರಂತೆ ವಿರಾಜಮಾನವಾಗಿತ್ತು. ಮಗನ ಅಳು ಎಲ್ಲರಿಗೂ ಕೇಳಿಸಲೆಂದು ಅದಕ್ಕೆ ಮೊಸಳೆಯ ತಂತಿಯನ್ನೇ ಜೋಡಿಸಿದ್ದರು.

ಪರದೆಯ ಮೇಲೆ ದಪ್ಪನೆಯ, ಟೈ ಕಟ್ಟಿದ ಗಂಡಸೊಬ್ಬ ಮೂಡಿದ. ಅವನು ಫ್ರೆಂಚಿನಲ್ಲಿ ಅತ್ತ. ಫೋನಿನೊಳಗಿನ ಹೆಣ್ಣುದನಿ ಅದನ್ನು ಕೇರಿಯ ಮಾತಿಗೆ ತಿರುಗಿಸಿತು. ಕೋಪವಿರಲಿ ಕಣ್ಣೀರಿರಲಿ, ಬಸ್‌ಸ್ಟಾಂಡಿನಲ್ಲಿ ಬಸ್ಸಿನ ವೇಳೆ ಹೇಳುವ ಅದೇ ದನಿ.

“ನನ್ನ ತಾಯಿ ಈ ಹಾಡಿನಿಂದ ನನ್ನನ್ನು ಮಲಗಿಸುತ್ತಿದ್ದರು. ಹೂಂ. ಹೂಂ. ಬಿಕ್ಕಳಿಕೆ. ದಯವಿಟ್ಟು ಪಶ್ಚಾತ್ತಾಪ ಪಡಿ.”

ಮೈದಾನದಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ನೆಯ್ಲಾ ಇನ್ನೊಂದು ಫೋನಿನಲ್ಲಿ ಆ ಕಣ್ಣೊರೆಸುವಿಕೆಯ ವಿಡಿಯೋ ತೆಗೆದಳು. ಎವಾರಿಸ್ತೋ ಕ್ರೇಟಿನ ಮುಂದೆ ಮಂಡಿಯೂರಿದ. ತಾನೇ ಹುಟ್ಟಿಸಿದ ಹೆಂಗಸಿನ, ತಾನು ಹುಟ್ಟಿಸದ ಮಗನೆದುರು ತಲೆ ತಗ್ಗಿಸಿ, “ಅಯ್ಯಾ, ನಿಮ್ಮ ತಾಯಿಯವರ...” ಎಂದು ಶುರು ಮಾಡಿದ.

“ಯಾರೋ ಅದು, ಇಷ್ಟೊತ್ತಿಂದ ಅಳ್ತಿರೋದು?” ಎಣ್ಣೆಯ ಬಾಣಲೆಯ ಕಡೆಯಿಂದ ಪ್ರಶ್ನೆ ಬಂತು.

“ಅಮ್ಮಾ, ನೀನು ಸುಮ್ನಿರು. ಇವರು ‘ಅತ್ತೆ’ ಹಾಡು ಹಾಡಿದೋರ ಮಗ.”

“ಹಾಡು ಹಾಡಿದೋಳ ಮಗನಾ?” ಡೋನ್ಯಾ ಬಾಸಿಲಿಸಾ ಸೌಟು ಹಿಡಿದೇ ಬಂದು ಪರದೆಯನ್ನು ಹತ್ತಿರದಿಂದ ನೋಡಿದಳು. “ಇವನನ್ನ ನಾನು ಯಾವಾಗ ಹೆತ್ತೆ?”

ಜನರಲ್‌ನ ಪಕ್ಕ ನಿಂತಿದ್ದ ಅರಿಸ್ತಿದೆಸ್ ಕಿವಿ ನಿಮಿರಿಸಿದ.

“ನಿಮ್ಮಪ್ಪ ಆಣೆ ಹಾಕ್ಸಿದ್ದ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ” ಎಂದಳು ಡೋನ್ಯಾ ಬಾಸಿಲಿಸಾ. “ಆಫ್ರಿಕಾ ರೆಕಾರ್ಡು ತರ್ತೀನಿ ಅಂತ ಕೇರಿಗೆಲ್ಲ ಡಂಗೂರ ಹೊಡ್ದು, ಹಡಗಿನವನಿಗೆ ಕೊಡೋ ದುಡ್ಡನ್ನ ಡಾಮಿನೋ ಆಡಿ ಕಳ್ಕೊಂಡ. ಮರ್ಯಾದೆ ಹೋಗುತ್ತೆ ಅಂತ ನನ್ನ, ನನ್ನ ತಮ್ಮಂದಿರನ್ನ ಸೋಪಿನ ಜಾಹೀರಾತು ರೆಕಾರ್ಡ್ ಮಾಡೋ ಕೋಣೆಗೆ ಎಳ್ಕೊಂಡು ಹೋದ. ‘ಏನಾದ್ರೂ ಹಾಡೇ, ಯಾರಿಗೂ ಅರ್ಥ ಆಗ್ಬಾರ್ದು ಅಷ್ಟೆ’ ಅಂದ. ನಂಗೆ ಬರ್ತಿದ್ದಿದ್ದು ಕೋಳಿ ಕರೆಯೋದು ಒಂದೇ. ತಮ್ಮಂದಿರು ತಮಟೆ ಬಡಿದ್ರು, ನಾನು ಅದನ್ನೇ ಕೂಗ್ದೆ. ಆಮೇಲೆ ಲೇಬಲ್ ಕೆರೆದ. ಅದರ ಮೇಲಿದ್ದಿದ್ದು ಸೋಪಿನ ಹೆಸರು.”

“ಅಮ್ಮಾ! ಇಷ್ಟು ವರ್ಷ...”

“ನನ್ನ ಹಾಡಿಗೆ ಇನ್ನೊಬ್ಬಳ ಹೆಸರು ಬಂದ್ರೂ ಸಹಿಸ್ಕೊಂಡಿರ್ತಿದ್ದೆ. ಇನ್ನೊಬ್ಬ ಮಗ ಅಂದ್ರೆ ಆಗಲ್ಲ ಕಣೋ. ಇರೋ ಒಬ್ಬನ್ನ ಸಾಕೋದ್ರಲ್ಲೇ ಸಾಕಾಗಿದೆ.”

ಬ್ರಸೆಲ್ಸ್‌ನ ಅನಾಥನ ಬೆರಳು ಪರದೆಯ ಕಡೆಗೆ ಬಂತು. “ಸಿಗ್ನಲ್ ದುರ್ಬಲವಾಗಿದೆ” ಎಂದಿತು ಹೆಣ್ಣುದನಿ. ಪರದೆ ಕಪ್ಪಾಯಿತು.

“ಪುರಾವೆ ಬೇಕು” ಎಂದರು ಡಾನ್ ಕುಸ್ತೋದಿಯೋ, ಕ್ಷೀಣವಾಗಿ.

ಡೋನ್ಯಾ ಬಾಸಿಲಿಸಾ ಸೌಟನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಎರಡೂ ಕೈ ಹಿಡಿದು, ತಲೆಯೆತ್ತಿ ಕೂಗಿದಳು: “ತೂತೂರೀ ವಾಯೆ, ಪೀಯಾ-ಪೀಯಾ ವಾಯೆ!”

ಅದೇ ದನಿ. ವಯಸ್ಸು ಸ್ವಲ್ಪ ತುಕ್ಕು ಹಿಡಿಸಿತ್ತು, ಅಷ್ಟೆ. ಮೈದಾನದಾಚೆಯ ಬೇಲಿ ಸಂದಿಗಳಿಂದ ಕಸ್ಸಿಯಾನಿ ಮನೆಯ ಕೋಳಿಗಳು ಒಂದರ ಹಿಂದೊಂದು ರೆಕ್ಕೆ ಬಿಚ್ಚಿ ಓಡಿಬಂದು ಅವಳ ಕಾಲ ಸುತ್ತ ನೆರೆದವು. ಗುಲಾಮರ ಹಡಗಿನ ನೆನಪು ಕಾಳು ಹುಡುಕತೊಡಗಿತು. ದಿನವೂ ಬೆಳಿಗ್ಗೆ ಆ ಹಿತ್ತಿಲಿನಿಂದ ಅದೇ ಕೂಗು ಕೇಳಿಬರುತ್ತಿದ್ದರೂ ಕೇರಿಯ ಒಬ್ಬರಿಗೂ ಗುರುತು ಸಿಕ್ಕಿರಲಿಲ್ಲ. ಹಿತ್ತಿಲಿನಿಂದ ಬರುವುದನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಯಾರಿಗಿದ್ದೀತು? ಪ್ಯಾರಿಸ್‌ನ ಸಂಶೋಧಕಿ ಮಾತ್ರ ಎದೆಗುಂದಲಿಲ್ಲ. ನೆಯ್ಲಾ ಆಗಲೇ ಹಾಕಿದ್ದ ಈ ಕೂಗಿನ ವಿಡಿಯೋ ನೋಡಿದವಳೇ ಲೇಖನದ ಹೆಸರನ್ನು “ಕುಕ್ಕುಟ ಮತ್ತು ಕಂಠ” ಎಂದು ಬದಲಿಸಿದಳೆಂದು ಡಾನ್ ಕುಸ್ತೋದಿಯೋ ಅಲ್ಲೇ ಓದಿ ಹೇಳಿದರು.

ಎವಾರಿಸ್ತೋನ ಕಣ್ಣು ತುಂಬಿ ಬಂತು. ಹಾಡಿಗೆ ಹೆಸರಿಲ್ಲ, ಪ್ರತಿಯಿಲ್ಲ, ಯಾವ ಫೋನಿಗೂ ಅದು ದಕ್ಕದು. ಜಗತ್ತಿನಲ್ಲಿರುವುದು ಒಂದೇ ರೆಕಾರ್ಡು, ಅದೂ ತನ್ನ ಕೈಯಲ್ಲಿ. ಹಾಡಿದವಳು ಹೆತ್ತ ತಾಯಿ! ಇದಕ್ಕಿಂತ ದೊಡ್ಡ ಗೆಲುವುಂಟೆ? ಅವನು ಮೈಕು ಹಿಡಿದು ಸಾರಿದ: “ಮಹಾಜನರೇ! ಇಂದು ಮೊದಲ ಸಲ, ನಿಜವಾದ ಹೆಸರಿನಲ್ಲಿ! ಹಾಡಿದವರು ನಮ್ಮದೇ ಬೀದಿಯ, ನಮ್ಮದೇ ಡೋನ್ಯಾ ಬಾಸಿಲಿಸಾ!”

ಮುಳ್ಳು ರೆಕಾರ್ಡಿನ ಮೇಲೆ ಇಳಿಯಿತು. ‘ಅತ್ತೆ’ ಬಂದಳು.

ಯಾರೂ ಏಳಲಿಲ್ಲ.

“ಏನೋ ಒಂಥರಾ ಅನ್ಸುತ್ತಲ್ವಾ?” ಎಂದಳೊಬ್ಬಳು. “ತಾಳ ಸರಿಯಿಲ್ಲ” ಎಂದ ಇನ್ನೊಬ್ಬ. ಆ ತಾಳಕ್ಕೆ ಕುಣಿದೇ ಅವನಿಗೆ ಮದುವೆಯಾಗಿತ್ತು. “ನಂಗೆ ಮೊದಲಿಂದ್ಲೂ ಅನುಮಾನ ಇತ್ತು” ಎಂದರು ಡಾನ್ ಕುಸ್ತೋದಿಯೋ. “ಆಫ್ರಿಕಾದ ಆಳ ಇಲ್ಲ ಇದ್ರಲ್ಲಿ. ಬರೀ ಹಿತ್ತಿಲು.” ಮೊಸಳೆಯ ಮುಂದೆ ಕುಣಿದಾಡಿದ್ದು ಕೋಳಿಗಳು ಮಾತ್ರ.

ಆ ಕ್ಷಣದಲ್ಲಿ ಎದುರಿನ ಗೋಲಿನಿಂದ ನಿದ್ದೆಗೆಟ್ಟ ಜನರಲ್ ಗುಡುಗಿತು.

“ಎಕ್ಸ್‌ಕ್ಲೂಸಿವ್! ಎಕ್ಸ್‌ಕ್ಲೂಸಿವ್! ಈಗಷ್ಟೇ ಬಂದದ್ದು, ನೇರವಾಗಿ ಕಿನ್ಶಾಸಾದಿಂದ!” ಅರಿಸ್ತಿದೆಸ್‌ನ ದನಿ. ಅದರ ಬೆನ್ನಿಗೇ ಗಿಟಾರು, ತಮಟೆ, ಮೂರು ಎಳೆಯ ಗಂಡುಕಂಠಗಳು: “ತೂತೂರೀ ವಾಯೆ, ಪೀಯಾ-ಪೀಯಾ ವಾಯೆ!”

ಬೆಳಗಿನ ಕಾಮೆಂಟಿನ ಆ ಮೂವರು ಮಾತಿಗೆ ತಪ್ಪಿರಲಿಲ್ಲ. ನೆಯ್ಲಾಳ ಅರೆ ನಿಮಿಷವನ್ನು ಹಿಗ್ಗಿಸಿ, ಅದೇ ದಿನ ತಮ್ಮದೊಂದು ಹಾಡು ಮಾಡಿ ಜಗತ್ತಿಗೆ ಬಿಟ್ಟಿದ್ದರು. ಅದು ಮೊದಲು ಸಿಕ್ಕಿದ್ದು ಬೆಳಗಿನಿಂದ ಫೋನು ಹಿಡಿದು ಹುಡುಕುತ್ತಿದ್ದ ಅರಿಸ್ತಿದೆಸ್‌ಗೆ.

ಮೈದಾನ ಕುದಿಯುವ ಎಣ್ಣೆಯಂತೆ ಉಕ್ಕಿ ಎದುರಿನ ಗೋಲಿಗೆ ಸುರಿಯಿತು. ಕುರ್ಚಿಗಳು ಬಿದ್ದವು. ತಾಳ ಸರಿಯಿಲ್ಲವೆಂದವನು ಹೆಂಡತಿಯನ್ನು ಎಳೆದುಕೊಂಡು ಓಡಿದ. “ಇದು ನೋಡಿ, ಇದು ಬೇರು!” ಎಂದು ಡಾನ್ ಕುಸ್ತೋದಿಯೋ ತೋಳೆತ್ತಿ ಕುಣಿದರು, ಕುಣಿಯುತ್ತಲೇ ತೀರ್ಪನ್ನೂ ಕೊಟ್ಟರು. ವರ್ಷದ ಭಾನುವಾರಗಳೆಲ್ಲ ಜನರಲ್‌ನ ಪಾಲಾದವು.

ಎವಾರಿಸ್ತೋ ಜನರನ್ನು ಸೀಳಿಕೊಂಡು ಅರಿಸ್ತಿದೆಸ್‌ನ ಮೇಜಿನ ಬಳಿಗೆ ತಲುಪಿದ. “ಕೊಂಪಾದ್ರೆ! ಇದು ನಮ್ಮಮ್ಮನ ಹಾಡು! ಆ ಹುಡುಗರು ಏನಂತ ಬರ್ದಿದಾರೆ ತೋರಿಸಿ! ‘ಕೊಲಂಬಿಯಾದ ಹಾಡು’ ಅಂತ ತಾನೇ ಬರ್ದಿರೋದು? ತೋರಿಸಿ ಎಲ್ಲರಿಗೂ!”

ಅರಿಸ್ತಿದೆಸ್ ಮುಗುಳ್ನಕ್ಕು ಫೋನನ್ನು ತೋರಿಸಿದ. ಅದರ ಪರದೆಗೆ ಈ ತುದಿಯಿಂದ ಆ ತುದಿಯವರೆಗೆ ಕಪ್ಪು ಟೇಪು ಸುತ್ತಿತ್ತು.

“ಹಾಡಿನ ಹೆಸರು ತೋರಿಸೋದು ನಮ್ಮ ಪದ್ಧತಿಯಲ್ಲ, ಕೊಂಪಾದ್ರೆ. ನಿಮ್ಮಪ್ಪನಿಂದ್ಲೇ ಕಲ್ತಿದ್ದು.”

ಎವಾರಿಸ್ತೋ ಕಾಲೆಳೆದುಕೊಂಡು ತನ್ನ ಗೋಲಿಗೆ ಮರಳಿದ. ಮೊಸಳೆಯ ಮುಂದೆ ಉಳಿದದ್ದು ಕೋಳಿಗಳು ಮತ್ತು ಹೆತ್ತ ತಾಯಿ. ತಾಯಿಯಾದರೂ ಇದ್ದಾಳಲ್ಲ ಎಂದು ಅವನ ಎದೆ ತುಸು ತಣ್ಣಗಾಯಿತು. ಆದರೆ ಡೋನ್ಯಾ ಬಾಸಿಲಿಸಾ ಒಲೆ ಆರಿಸಿ, ಏಪ್ರನ್ ಬಿಚ್ಚಿ, ಕನ್ನಡಿಯಿಲ್ಲದೆಯೇ ತಲೆಗೂದಲನ್ನು ಸರಿಪಡಿಸಿಕೊಳ್ಳುತ್ತಿದ್ದಳು.

“ಎಲ್ಲಿಗಮ್ಮಾ?”

“ಆ ಕಡೆ. ಸ್ವಲ್ಪ ಕುಣ್ಕೊಂಡ್ ಬರ್ತೀನಿ ಕಣೋ.” ಅವಳ ಮುಖ ಮದುವೆಯ ಹೆಣ್ಣಿನಂತೆ ಕೆಂಪೇರಿತ್ತು. “ನಿಮ್ಮಪ್ಪನನ್ನ ಕಟ್ಕೊಂಡಾಗಿನಿಂದ ಆಸೆ ಇತ್ತು. ಒಂದ್ಸಲನಾದ್ರೂ ನಿಜವಾದ ಆಫ್ರಿಕಾ ಹಾಡಿಗೆ ಕುಣೀಬೇಕು ಅಂತ.”

ಅವಳು ಸೆರಗು ಬೀಸಿದಂತೆ ಲಂಗವನ್ನು ಬೀಸಿ ಹೊರಟಳು. ಅರ್ಧ ದಾರಿಗೆ ಹೋಗಿ, ಏನನ್ನೋ ನೆನಪಿಸಿಕೊಂಡು ತಿರುಗಿದಳು.

“ಬರೋಷ್ಟ್ರಲ್ಲಿ ಆ ಪೆಟ್ಟಿಗೆಗಳ ತಂತಿ ಬಿಚ್ಚಿಡು.”

ಎದುರಿನಿಂದ ಮತ್ತೊಮ್ಮೆ “ತೂತೂರೀ ವಾಯೆ” ಮೊಳಗಿತು. ಕೋಳಿಗಳು ಕತ್ತೆತ್ತಿ ಕೇಳಿದವು. ಒಂದು ಗಳಿಗೆ ಮೊಸಳೆಯ ಕಡೆಗೂ ಇನ್ನೊಂದು ಗಳಿಗೆ ಜನರಲ್‌ನ ಕಡೆಗೂ ನೋಡಿದವು. ಆಮೇಲೆ ಅವೂ ಎದುರಿನ ಗೋಲಿನ ಕಡೆಗೆ ಓಟ ಕಿತ್ತವು.